ಎಲ್ಲ ಹಸಿರು, ಆದರೆ ಲಾಗ್ ಇದ್ದದ್ದು ಐದೇ ವಾರದ್ದು

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಡ್ಯಾಶ್‌ಬೋರ್ಡ್‌ನಲ್ಲಿ (ಮನೆಯ ಕಂಪ್ಯೂಟರ್‌ಗಳು ಭದ್ರತಾ ನಿಯಮ ಪಾಲಿಸುತ್ತಿವೆಯಾ ಅಂತ ಬಣ್ಣದಲ್ಲಿ ತೋರಿಸುವ ಪುಟ) ಮೊದಲ ಸಲ ಎಲ್ಲ ಬಣ್ಣವೂ ನಿಜವಾಗಿ ಕಂಡಿತು. ಖುಷಿಗೆ ಕೂಗಿದ ಸದ್ದಿಗೆ ಅಮ್ಮ ಎದ್ದು ಬಂದರು. ಮೂರು ವಾರದಿಂದ ಅದು ಒಂದಲ್ಲ ಒಂದು ಕಡೆ ಸುಳ್ಳು ಹಸಿರು ತೋರಿಸುತ್ತಿತ್ತು.

ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿ ನಾಲ್ಕು ಹಳೇ ಡೆಸ್ಕ್‌ಟಾಪ್‌ಗಳ ಲ್ಯಾಬ್ ಇದೆ, ಎಲ್ಲದರಲ್ಲೂ ಉಬುಂಟು 24.04. ಒಂದೇ ಸಲ ತಪಾಸಣೆ ಮಾಡಿ ಐದು ಭದ್ರತಾ ಚೌಕಟ್ಟುಗಳಿಗೆ ಉತ್ತರ ಕೊಡಬೇಕು ಅನ್ನೋದು ನನ್ನ ಗುರಿ. ಐಎಸ್‌ಒ 27001 ಅನ್ನೋ ಅಂತರರಾಷ್ಟ್ರೀಯ ಮಾನದಂಡದ 93 ಕಂಟ್ರೋಲ್ (ಭದ್ರತಾ ನಿಯಮ), ಅಮೆರಿಕದ ನಿಸ್ಟ್ ಸಂಸ್ಥೆಯ ಸಿಎಸ್‌ಎಫ್ 2.0ರ 106 ಸಬ್‌ಕೆಟಗರಿ, ಸಿಐಎಸ್ ಸಂಸ್ಥೆಯ 153 ಸೇಫ್‌ಗಾರ್ಡ್, ಕಾರ್ಡ್ ಡೇಟಾ ಕಾಪಾಡುವ ಪಿಸಿಐ ಡಿಎಸ್‌ಎಸ್, ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ. ಮನೆಯಲ್ಲಿ ಕಾರ್ಡ್ ಡೇಟಾ ಏನೂ ಇಲ್ಲ, ಪಿಸಿಐ ಸೇರಿಸಿದ್ದು ಕಲಿಯೋಕೆ.

ತೊಂದರೆ ಕೊಟ್ಟದ್ದು ಲಾಗ್, ಅಂದರೆ ಮಷಿನ್‌ನಲ್ಲಿ ನಡೆದದ್ದರ ದಾಖಲೆ. ಐಎಸ್‌ಒದ 8.15ನೇ ಕಂಟ್ರೋಲ್ ಲಾಗ್ ಇಟ್ಟು ಕಾಪಾಡಿ ಅನ್ನುತ್ತದೆ, ಎಷ್ಟು ದಿನ ಅಂತ ಹೇಳುವುದಿಲ್ಲ. ಸಿಐಎಸ್ 8.10ಕ್ಕೆ ಕನಿಷ್ಠ 90 ದಿನ. ಸರ್ಟ್-ಇನ್‌ಗೆ 180 ದಿನ, ಅದೂ ಭಾರತದೊಳಗೆ. ಪಿಸಿಐ 10.5.1ಕ್ಕೆ 12 ತಿಂಗಳು, ಅದರಲ್ಲಿ ಕೊನೆಯ 3 ತಿಂಗಳದ್ದು ಕೇಳಿದ ಕೂಡಲೇ ಸಿಗಬೇಕು. ನಾನು ಇವೆಲ್ಲವನ್ನೂ 8.15ಕ್ಕೆ 'ಸಮ' ಅಂತ ಜೋಡಿಸಿಬಿಟ್ಟಿದ್ದೆ. ಲಾಗ್ ಬರೆಯುವ ಆರ್‌ಸಿಸ್‌ಲಾಗ್ ಪ್ರೋಗ್ರಾಂ ಓಡುತ್ತಿದ್ದರೆ ಸಾಕು, 8.15 ಹಸಿರು. ಅದರ ಹಿಂದೆ ಉಳಿದವೂ ಸಾಲಾಗಿ ಹಸಿರು.

ಕೆಲವು ದಿನದ ಹಿಂದೆ, ಎರಡು ತಿಂಗಳ ಹಳೆಯ ಒಂದು ಲಾಗಿನ್ ಹುಡುಕಲು ಹೋದೆ. ಇಲ್ಲ. ಹಳೇ ಲಾಗ್ ಅಳಿಸುವ ಲಾಗ್‌ರೊಟೇಟ್ ಡೀಫಾಲ್ಟ್‌ನಲ್ಲಿತ್ತು: ವಾರಕ್ಕೊಂದು ಫೈಲ್, ಹಳೆಯವು ನಾಲ್ಕು. ಈಗಿನದೂ ಸೇರಿದರೆ ಸುಮಾರು ಐದು ವಾರ. ಐದು ವಾರದ ಲಾಗ್ ಇಟ್ಟುಕೊಂಡು ಹನ್ನೆರಡು ತಿಂಗಳಿಗೆ ಹಸಿರು ತೋರಿಸುವುದು ಸಣ್ಣ ತಪ್ಪಲ್ಲ. ನಿಜವಾದ ಕಚೇರಿಯಲ್ಲಿ ಹೀಗಾದರೆ, ಕಳ್ಳ ಬಂದು ಹೋದ ಮೇಲೆ ನೋಡೋಕೆ ಏನೂ ಇರಲ್ಲ.

ಒಂದು ನಿಯಮವನ್ನು ಇನ್ನೊಂದಕ್ಕೆ ಜೋಡಿಸುವ ಈ ಮ್ಯಾಪಿಂಗ್‌ಗೆ ದಿಕ್ಕು ಬೇಕು ಅಂತ ಆಗ ಹೊಳೆಯಿತು. ನಿಸ್ಟ್‌ನ ಐಆರ್ 8477 ವರದಿಯಲ್ಲಿ ಇದಕ್ಕೆ ಐದು ಸಂಬಂಧ ಕೊಟ್ಟಿದ್ದಾರೆ: ಸಮ, ಇನ್ನೊಂದರೊಳಗೆ ಅಡಗುವುದು, ಇನ್ನೊಂದನ್ನು ಪೂರ್ತಿ ಒಳಗೊಳ್ಳುವುದು, ಸ್ವಲ್ಪ ಸೇರುವುದು, ಸಂಬಂಧವೇ ಇಲ್ಲದ್ದು. ಸೇರು ತುಂಬಿದರೆ ಪಾವು ತುಂಬಿದ ಹಾಗೆಯೇ, ಪಾವು ತುಂಬಿದರೆ ಸೇರು ತುಂಬುವುದಿಲ್ಲ. ಆ ಲೆಕ್ಕದಲ್ಲಿ 12 ತಿಂಗಳು ಪಾಸಾದರೆ 180 ದಿನವೂ ಪಾಸು ಅಂತ ಬರೆದೆ. ಅದೂ ತಪ್ಪು! ಪಿಸಿಐಗೆ ಲಾಗ್ ಯಾವ ದೇಶದಲ್ಲಿದೆ ಅನ್ನೋ ಪ್ರಶ್ನೆಯೇ ಇಲ್ಲ, ಸರ್ಟ್-ಇನ್‌ಗೆ ಇದೆ. ಸೇರು ತುಂಬ ಅಕ್ಕಿ ಇದ್ದರೂ ರಾಗಿ ಕೇಳಿದವರಿಗೆ ಆಗಲ್ಲ ಅಲ್ವಾ?

ಕೊನೆಗೆ ಕಂಟ್ರೋಲನ್ನು ಕಂಟ್ರೋಲಿಗೆ ಜೋಡಿಸುವುದನ್ನೇ ಬಿಟ್ಟೆ. ಪ್ರತಿಯೊಂದನ್ನೂ ಸಣ್ಣ ಪ್ರಶ್ನೆಗಳಾಗಿ ಒಡೆದೆ. ಲಾಗ್ ಬರುತ್ತಿದೆಯಾ? ಎಷ್ಟು ದಿನದ್ದಿದೆ? ಎಲ್ಲಿದೆ? ಎಷ್ಟು ಬೇಗ ಸಿಗುತ್ತದೆ? ಸ್ಕ್ರಿಪ್ಟ್ ಈ ಪ್ರಶ್ನೆಗಳಿಗೆ ಮಾತ್ರ ಉತ್ತರ ಹುಡುಕುತ್ತದೆ. ಯಾವ ಚೌಕಟ್ಟಿಗೆ ಯಾವ ಪ್ರಶ್ನೆ ಬೇಕು, ಎಷ್ಟು ಬೇಕು ಅನ್ನೋದು ಬೇರೆ ಫೈಲ್‌ನಲ್ಲಿ. ನಾಳೆ ಇನ್ನೊಂದು ಚೌಕಟ್ಟು ಬಂದರೂ ಸ್ಕ್ರಿಪ್ಟ್ ಮುಟ್ಟಬೇಕಿಲ್ಲ.

ಓಡಿಸಿದೆ. ಮೂರು ಮಷಿನ್ ಕೆಂಪು, ಸರಿ. ನಾಲ್ಕನೆಯದು ಹಸಿರು! ಅದಕ್ಕೆ ಓಎಸ್ ಹಾಕಿ ಎರಡೇ ತಿಂಗಳಾಗಿದೆ. ರೊಟೇಶನ್ ಹೆಚ್ಚಿಸಿದ್ದು ಅದರಲ್ಲಿ ಮಾತ್ರ, ಆದರೂ ವರ್ಷದ ಲಾಗ್ ಎಲ್ಲಿಂದ ಬರಬೇಕು? ಎರಡು ರಾತ್ರಿ ಇದರಲ್ಲೇ ಹೋಯಿತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಸಿಎಂಒಎಸ್ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ನೆಟ್‌ನಿಂದ ಸಮಯ ಸರಿಹೋಗುವ ಮುಂಚೆ ಬಿದ್ದ ಬೂಟ್ ಸಾಲುಗಳಿಗೆಲ್ಲ ಹಳೇ ತಾರೀಖು. ನನ್ನ ಸ್ಕ್ರಿಪ್ಟ್ ಅತಿ ಹಳೆಯ ತಾರೀಖನ್ನು ನಂಬಿತ್ತು. ಸೆಕೆಂಡ್ ಹ್ಯಾಂಡ್ ಮಾರಿದ ಅಂಗಡಿಯವರು 'ಎಲ್ಲ ಚೆಕ್ ಮಾಡಿದೀವಿ ಸಾರ್' ಅಂದಿದ್ದರು. ಒಂದು ಸಿಆರ್2032 ಸೆಲ್ ಹಾಕಿ ಕೊಡೋಕೆ ಎಷ್ಟು ಖರ್ಚು? ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಸರ್ಟ್-ಇನ್ ನಿರ್ದೇಶನ ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸಮಯ ತಿಳಿಸುವ) ಸರ್ವರ್‌ಗೆ ಹೊಂದಿಸಿ ಅನ್ನುತ್ತದೆ. ಅದನ್ನು ಬೇರೆ ಸಾಲಿನಲ್ಲಿ ಇಟ್ಟಿದ್ದೆ, ಲಾಗ್‌ಗೂ ಅದಕ್ಕೂ ನಂಟೇ ಇರಲಿಲ್ಲ. ಈಗ ಗಡಿಯಾರದ ಪ್ರಶ್ನೆ ಪಾಸಾಗದಿದ್ದರೆ ಲಾಗ್ ಅವಧಿಯ ಪ್ರಶ್ನೆಗೆ ಉತ್ತರವೇ ಬರಲ್ಲ. ಓಎಸ್ ಹಾಕಿದ ದಿನಕ್ಕಿಂತ ಹಳೆಯ ಸಾಲು ಸಿಕ್ಕರೆ ಎಚ್ಚರಿಕೆ. ಅಷ್ಟು ದಿನ ಇನ್ನೂ ಆಗದ ಹೊಸ ಮಷಿನ್‌ಗೆ ಕೆಂಪು ಬದಲು ಹಳದಿ. ಹನ್ನೊಂದೂವರೆಗೆ ಕಂಡದ್ದು ಮೂರು ಕೆಂಪು, ಒಂದು ಹಳದಿ. ಎಲ್ಲವೂ ನಿಜ.

ಇದರ ನಡುವೆ ತಲೆ ಗುಬ್ಬಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಓಡುತ್ತಿದೆ. ಅಲ್ಲಿ ಬೋರ್‌ವೆಲ್ ಮೋಟಾರಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದೆ, ಮಾವ ಫೋನ್‌ನಿಂದಲೇ ಆನ್ ಮಾಡುತ್ತಾರೆ. ಆ ನಂಬರ್ ಗೊತ್ತಿರುವ ಬೇರೆಯವರೂ ಆನ್ ಮಾಡಬಹುದಾ? ಕೈಗಾರಿಕಾ ನಿಯಂತ್ರಣ ಯಂತ್ರಗಳ ಭದ್ರತೆಯ ಮಾನದಂಡ ಐಇಸಿ 62443ರ ಏಳು ಮೂಲ ಅಗತ್ಯಗಳನ್ನು ಇದೇ ರೀತಿ ಪ್ರಶ್ನೆಗಳಾಗಿ ಒಡೆದು ಆ ಸ್ಟಾರ್ಟರ್ ಮೇಲೆ ಓಡಿಸಿ ನೋಡಬೇಕು. ಮಾವ ಒಪ್ಪಿದ್ದಾರೆ, ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ ಮಾತ್ರ ಬೇಡ ಅಂದಿದ್ದಾರೆ.

ಅದಕ್ಕೂ ಮುಂಚೆ ಬ್ಯಾಕಪ್ ಇದೆ. ಸಿಐಎಸ್ 11.5 ಮೂರು ತಿಂಗಳಿಗೊಮ್ಮೆಯಾದರೂ ರಿಕವರಿ ಪರೀಕ್ಷೆ ಕೇಳುತ್ತದೆ. ಐಎಸ್‌ಒ 8.13 ನಿಯಮಿತವಾಗಿ ಅನ್ನುತ್ತದೆ. ಫೈಲ್ ವಾಪಸ್ ಬಂದಿದೆ ಅಂತ ಸ್ಕ್ರಿಪ್ಟ್ ಹೇಳಬಹುದು, ಒಳಗಿನ ಡೇಟಾಬೇಸ್ ನಿಜಕ್ಕೂ ತೆರೆಯುತ್ತದಾ ಅಂತ ಹೇಗೆ ಕೇಳುವುದು? ಯಾರಾದರೂ ಇದನ್ನು ಮಾಡಿದ್ದರೆ ನಿಮ್ಮ ಪ್ರಶ್ನೆಗಳ ಪಟ್ಟಿ ಕಳಿಸಿ.