ಗರುಡಗಂಬ ನೋಡಿ, ಮಾಜಿ ಸೈನಿಕರ ಸಂಘಕ್ಕೆ

ಹಳೇಬೀಡಿಗೆ ಹೋದವರಿಗೆ ಹೊಯ್ಸಳೇಶ್ವರನ ಗೋಡೆಗಳನ್ನು ನೋಡುವುದಕ್ಕೇ ಹೊತ್ತು ಸಾಲುವುದಿಲ್ಲ. ಗುಡಿಯ ದಕ್ಷಿಣಕ್ಕಿರುವ ಗರುಡಗಂಬದ ಹತ್ತಿರ ನಿಲ್ಲುವವರು ಕಡಿಮೆ. ನಮ್ಮ ಚಿಕ್ಕಪ್ಪ ಮಾತ್ರ ಹಾಸನದಲ್ಲಿ ಬಸ್ಸು ಹತ್ತುವಾಗಲೇ "ಮೊದಲು ಕಂಬ, ಆಮೇಲೆ ಗುಡಿ" ಅಂದಿದ್ದರು. ಅವರು ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ಹವಾಲ್ದಾರ್ ಆಗಿದ್ದವರು.

ಕಂಬದ ಮೇಲೆ ಕತ್ತಿ ಹಿಡಿದ ವೀರರಿದ್ದಾರೆ. ಅವರು ಕಡಿದುಕೊಳ್ಳುತ್ತಿರುವುದು ತಮ್ಮದೇ ತಲೆಯನ್ನು! ಇವರೇ ಗರುಡರು, ರಾಜನ ಅಂಗರಕ್ಷಕರು. ದೊರೆ ಸತ್ತರೆ ತಾವೂ ಉಳಿಯುವುದಿಲ್ಲ ಎಂದು ಭಾಷೆ ಕೊಟ್ಟವರು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ಮತ್ತು ಅವನ ಸಂಗಡಿಗರು ಆ ಮಾತು ನಡೆಸಿದರು. ಲಕ್ಷ್ಮನ ಹೆಂಡತಿಯೂ ಪ್ರಾಣ ಬಿಟ್ಟಳು. ಕಂಬದ ಶಾಸನದಲ್ಲಿ ಇದೆಲ್ಲ ಇದೆ. ವೀರರ ಬಗ್ಗೆ ಗೌರವ ಮೂಡಿತು, ನಿಜ. ಆದರೆ ನನ್ನ ಮನಸ್ಸು ಆ ಹೆಣ್ಣುಮಗಳ ಹತ್ತಿರವೇ ನಿಂತುಬಿಟ್ಟಿತು.

ಸಂಜೆ ಚಿಕ್ಕಪ್ಪ ತಮ್ಮ ಊರಿನ ಮಾಜಿ ಸೈನಿಕರ ಸಂಘಕ್ಕೆ ಕರೆದುಕೊಂಡು ಹೋದರು. ಒಂದೇ ಕೋಣೆ, ಬೀರು ತುಂಬ ಫೈಲು. 1971ರ ಯುದ್ಧ ಮುಗಿಸಿ ಬಂದ ಕೆಲವರು ಸೇರಿ ಶುರು ಮಾಡಿದ್ದಂತೆ. ಸಿಪಾಯಿಗೆ ಪೆನ್ಶನ್ ಸಿಗಲು 15 ವರ್ಷ ಸರ್ವೀಸ್ ಸಾಕು. ಹಾಗಾಗಿ ಎಷ್ಟೋ ಜನ ನಲವತ್ತಾಗುವ ಮೊದಲೇ ಊರಿಗೆ ಬರುತ್ತಾರೆ. ಅವರಿಗೆ ಅರ್ಜಿ ಬರೆದುಕೊಡುವುದೇ ಸಂಘದ ಮೊದಲ ಕೆಲಸವಾಗಿತ್ತು. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಊರಿನ ಹುಡುಗರೂ ಸೈನ್ಯ ಸೇರುವುದು ಹೇಗೆ ಅಂತ ಕೇಳಿಕೊಂಡು ಬರತೊಡಗಿದರು. 2015ರಲ್ಲಿ 'ಒಂದು ಶ್ರೇಣಿ, ಒಂದು ಪಿಂಚಣಿ' ಬಂತು, ಅಂದರೆ ಯಾವಾಗ ನಿವೃತ್ತರಾದರೂ ಒಂದೇ ಶ್ರೇಣಿ, ಅಷ್ಟೇ ಸರ್ವೀಸ್ ಇದ್ದವರಿಗೆ ಒಂದೇ ಪಿಂಚಣಿ. ಆಮೇಲಂತೂ ಅದರ ಲೆಕ್ಕ ಕೇಳುವವರೇ ಜಾಸ್ತಿ.

"ಈಗ ಜಾಸ್ತಿ ಕೆಲಸ ಏನು ಸಾಬ್?" ಎಂದು ಚಿಕ್ಕಪ್ಪ ಅಲ್ಲಿದ್ದ ಹಿರಿಯ ಸುಬೇದಾರರನ್ನು ಕೇಳಿದರು.

"ಹೆಂಗಸರ ಹೆಸರು ಸರಿ ಮಾಡಿಸೋದು" ಅಂದರು ಅವರು.

ಗಂಡ ಸೈನ್ಯದ ದಾಖಲೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆಸಿರುತ್ತಾನೆ. ಆಧಾರ್‌ನಲ್ಲಿ ಬೇರೆ ಇರುತ್ತದೆ. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಕೊನೆಯ ಸಂಬಳದ ಶೇ. 30ರಷ್ಟು. ಅಷ್ಟಕ್ಕೂ ತಿಂಗಳುಗಟ್ಟಲೆ ಅಲೆದಾಟ. ಗಂಡ ಬದುಕಿರುವಾಗಲೇ ಇದನ್ನು ಸರಿ ಮಾಡಿಸಬೇಕು ಅಲ್ವಾ? ಸಂಘದವರು ಮನೆಮನೆಗೆ ಹೋಗಿ ಹೇಳುವುದೂ ಅದನ್ನೇ. ಕಂಬದಷ್ಟೇ ಈ ಕೋಣೆಯನ್ನೂ ಜನ ಬಂದು ನೋಡಬೇಕು ಅನ್ನಿಸಿತು.

ನವೆಂಬರ್ ಬಂತೆಂದರೆ, ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ತೋರಿಸುವ ಜೀವನ ಪ್ರಮಾಣಪತ್ರದ ಗಡಿಬಿಡಿ. ಓಡಾಡಲಾಗದ ವಿಧವೆಯರ ಮನೆಗೆ ಸಂಘದವರೇ ಮೊಬೈಲ್ ಹಿಡಿದು ಹೋಗುತ್ತಾರೆ. ಮುಂದಿನ ಸಲ ಚಿಕ್ಕಪ್ಪನೂ ಹೋಗುತ್ತಾರಂತೆ.