ಬೀಳಿಸಬೇಕು, ನೋಯಿಸಬಾರದು

ಇವತ್ತು ಐಕಿಡೋ ಅನ್ನುವ ಜಪಾನೀ ಸಮರಕಲೆಯ ಕ್ಲಾಸಿನಲ್ಲಿ ಪೂರ್ತಿ ಇಕ್ಕ್ಯೋ ಒಂದೇ, ಅಂದರೆ ತೋಳು ಹಿಡಿದು ನೆಲಕ್ಕೆ ಒತ್ತುವ ಮೊದಲ ಪಟ್ಟು. ಎದುರಿನವರು ಕತ್ತಿ ಬೀಸಿದ ಹಾಗೆ ಕೈಯನ್ನು ನಮ್ಮ ನೆತ್ತಿಗೆ ಇಳಿಸುತ್ತಾರೆ. ಹಿಂದೆ ಸರಿಯುವಂತಿಲ್ಲ, ಮುಂದಕ್ಕೇ ನುಗ್ಗಬೇಕು. ಏಟಿಗೆ ಜೋರು ಬರುವ ಮೊದಲೇ ಅವರ ಮಣಿಕಟ್ಟು, ಮೊಣಕೈ ಎರಡಕ್ಕೂ ಕೈಹಚ್ಚಿ, ಮೊಣಕೈಯನ್ನು ಅವರದೇ ಕಿವಿಯ ಕಡೆಗೆ ತಿರುಗಿಸಿ, ಸೊಂಟದ ಬಲದಿಂದ ನೆಲಕ್ಕಿಳಿಸುವುದು. ಬರೀ ತೋಳಿನ ಶಕ್ತಿ ಹಾಕಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇದರ ಮೂಲ ದೈತೋ-ರ್ಯೂ ಜುಜುತ್ಸು ಅನ್ನುವ ಇನ್ನೊಂದು ಜಪಾನೀ ಸಮರಕಲೆಯಲ್ಲಿದೆ. ಐಕಿಡೋ ಸ್ಥಾಪಕ ಮೊರಿಹೈ ಉಎಶಿಬಾ ಅದನ್ನು ಗುರು ತಕೆದಾ ಸೊಕಾಕು ಅವರಿಂದ ಕಲಿತರು. 1942ರಲ್ಲಿ, ಜಪಾನ್ ಮಹಾಯುದ್ಧದಲ್ಲಿ ಮುಳುಗಿದ್ದಾಗ, ಟೋಕಿಯೊ ಬಿಟ್ಟು ಇವಾಮಾ ಹಳ್ಳಿಗೆ ಹೋಗಿ ಬೇಸಾಯ ಮಾಡಿಕೊಂಡೇ ಅಭ್ಯಾಸ ಮುಂದುವರಿಸಿದರು. ಹೊಡೆಯಲು ಬಂದವನನ್ನೂ ಕಾಪಾಡಬೇಕು ಅನ್ನುವುದು ಅವರ ನಿಲುವು. ಎಂಥಾ ದೊಡ್ಡ ಮಾತು!

ಅದಕ್ಕೇ ಇರಬೇಕು, ಕೊನೆಯ ಹಿಡಿತ ನನಗೆ ಬಹಳ ಇಷ್ಟ. ಬೋರಲು ಮಲಗಿದವರ ತೋಳು ಮ್ಯಾಟಿನ ಮೇಲೆ ಚಾಚಿರುತ್ತದೆ, ನಾವು ಪಕ್ಕದಲ್ಲಿ ಮಂಡಿಯೂರಿರುತ್ತೇವೆ. ಅವರಿಗೆ ಏಳಲಾಗುವುದಿಲ್ಲ, ಆದರೆ ಕೀಲಿಗೆ ಪೆಟ್ಟಿಲ್ಲ. ಅವರು ಮ್ಯಾಟ್ ತಟ್ಟಿದ ತಕ್ಷಣ ಬಿಟ್ಟುಬಿಡಬೇಕು. ಆಮೇಲೆ ಸರದಿ ಬದಲು: ಈಗ ಬೀಳುವವರು ನಾವು. ಸಿಟ್ಟು ಬಂದಾಗ ಮನೆಯಲ್ಲೂ ಹೀಗೆ ಸರದಿ ಬದಲಿಸಿ ನೋಡಬಹುದೇನೋ ಅನ್ನಿಸಿತು. ನಾಳೆ ಶಿಹೋನಾಗೆ ಅನ್ನುವ ಇನ್ನೊಂದು ಪಟ್ಟು ಅಂತೆ.