ಗೋಳಗುಮ್ಮಟವನ್ನು ಕೊನೆಯ ಬೆಳಿಗ್ಗೆಗೆ ಇಟ್ಟುಕೊಳ್ಳಿ

ವಿಜಯಪುರಕ್ಕೆ ಹೋದವರು ಮೊದಲು ಓಡುವುದು ಗೋಳಗುಮ್ಮಟಕ್ಕೆ. ನಾವೂ ಓಡಿದೆವು. ನಾವು ಒಂದೇ ಬೀದಿಯ ಹನ್ನೊಂದು ಜನ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಿ ಬಂದಾಗ ಬೆಳಿಗ್ಗೆ ಹನ್ನೊಂದು ದಾಟಿತ್ತು. ಗೇಟಿನ ಮುಂದೆ ಸಾಲಾಗಿ ಶಾಲಾ ಬಸ್ಸುಗಳು. ಒಳಗೆ ಕಾಲಿಟ್ಟರೆ ಮೇಲಿನಿಂದ ‘ಓ...’ ಎಂದು ಕೂಗುವ ಮಕ್ಕಳು, ಅದಕ್ಕೆ ಓಗೊಡುವ ಗುಮ್ಮಟ. ಪಿಸುಮಾತು ಹಾಗಿರಲಿ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸಲಿಲ್ಲ. ಮ್ಯೂಸಿಯಂ ಮಾತ್ರ ನೋಡಿಕೊಂಡು ಹೊರಗೆ ಬಂದೆವು. ಟಂಟಂ (ಇಲ್ಲಿನ ದೊಡ್ಡ ಆಟೋ) ಓಡಿಸುವವರು ನಮ್ಮ ಮುಖ ನೋಡಿಯೇ ನಕ್ಕರು. “ಮುಂಜಾನಿ ಆರಕ್ಕ ಬರ್ರಿ ಸರ. ಈಗ ಬರೇ ಗದ್ದಲ ಕೇಳಸ್ತದ.”

ಹಾಗಾಗಿ ಗೋಳಗುಮ್ಮಟ ಕೊನೆಯ ದಿನಕ್ಕೆ ಹೋಯಿತು. ಈಗ ಯಾರು ಕೇಳಿದರೂ ಮೊದಲೇ ಹಾಗೆ ಮಾಡಿ ಎನ್ನುತ್ತೇನೆ.

ಆದರೆ ಹಿಂದಿನ ರಾತ್ರಿಯೇ ಎರಡು ಕೆಲಸ ಮುಗಿಸಬೇಕು. ಒಂದು, ಬ್ಯಾಗು ಕಟ್ಟುವುದು. ಇನ್ನೊಂದು, ಲಾಡ್ಜಿನಲ್ಲಿ ಮಾತಾಡುವುದು. ನಾವು ಒಂದು ರೂಮನ್ನು ಮಾತ್ರ ಸಂಜೆಯವರೆಗೆ ಇಟ್ಟುಕೊಂಡು ಉಳಿದವನ್ನು ಬೆಳಿಗ್ಗೆಯೇ ಬಿಟ್ಟೆವು. ಎಲ್ಲರ ಸಾಮಾನೂ ಅದೊಂದರಲ್ಲೇ. ಒಂದು ರೂಮಿನ ಅರ್ಧ ದಿನದ ಬಾಡಿಗೆಯನ್ನು ಹನ್ನೊಂದು ಜನ ಹಂಚಿಕೊಂಡರೆ ಎಷ್ಟಾಗುತ್ತದೆ? ಮಧ್ಯಾಹ್ನ ಕಾಲು ಚಾಚಲು ಒಂದು ಜಾಗ ಇತ್ತಲ್ಲ, ವಯಸ್ಸಾದವರಿಗೆ ಅದೇ ದೊಡ್ಡದು.

ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿದ್ದೆವು. ಟಿಕೆಟ್ ಒಬ್ಬರಿಗೆ 25 ರೂಪಾಯಿ. ಹುಲ್ಲಿನ ಮೇಲೆ ಇಬ್ಬನಿ, ನಡೆಯಲು ಬಂದ ಊರಿನ ಕೆಲವರು, ಅಷ್ಟೇ. ಹತ್ತುವ ಮೆಟ್ಟಿಲು ಮೂಲೆಯ ಗೋಪುರದ ಒಳಗಿದೆ. ಗೋಪುರಕ್ಕೆ ಏಳು ಅಂತಸ್ತು. ಮೆಟ್ಟಿಲು ಕಿರಿದು, ಕಡಿದು, ಎತ್ತರ ಬೇರೆ. ಮಂಡಿ ನೋವಿದ್ದವರು ನಿಜವಾಗಿಯೂ ಯೋಚಿಸಬೇಕು. ನಮ್ಮ ಮೇಷ್ಟ್ರು ಹಟ ಮಾಡಿ ಹತ್ತಿದರು, ಇಳಿಯುವಾಗ ಕಣ್ಣಲ್ಲಿ ನೀರು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕೆಳಗೆ ಉಳಿದವರಿಗೂ ನಷ್ಟವೇನಿಲ್ಲ. ನಡುವೆ ಒಂದೂ ಕಂಬವಿಲ್ಲದ ಅಷ್ಟು ದೊಡ್ಡ ಹಾಲ್. ಒಂದನ್ನೊಂದು ಹಾದು ಹೋಗುವ ಕಮಾನುಗಳು ಇಡೀ ಗುಮ್ಮಟವನ್ನು ಹೊತ್ತಿವೆ. ತಲೆ ಎತ್ತಿ ಅದನ್ನು ನೋಡುತ್ತಲೇ ಅರ್ಧ ಗಂಟೆ ಹೋಗುತ್ತದೆ. ಇದು ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾಹ್‌ನ ಗೋರಿ, ಅವನು 1656ರಲ್ಲಿ ತೀರಿಕೊಂಡ. ಹಾಲ್‌ನ ಕಟ್ಟೆಯ ಮೇಲೆ ಕಾಣುವುದು ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ.

ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮಾಡಬೇಕಾದ್ದು ಕೂಗುವುದಲ್ಲ. ಇಬ್ಬರು ಎದುರುಬದುರು ಹೋಗಿ ಗೋಡೆಗೆ ಮುಖ ಮಾಡಿ ಕೂರಬೇಕು. ಒಬ್ಬರು ಮೆಲ್ಲಗೆ ಮಾತಾಡಬೇಕು. ಇನ್ನೊಬ್ಬರು ಸುಮ್ನೆ ಗೋಡೆಗೆ ಕಿವಿ ಕೊಡಬೇಕು. ನಡುವಿನ ಅಂತರ ಹೆಚ್ಚುಕಡಿಮೆ 38 ಮೀಟರ್. ನಮ್ಮ ಚಿಕ್ಕಮ್ಮ ಆ ಕಡೆಯಿಂದ “ಕಾಫಿ ಎಲ್ಲಿ ಸಿಗುತ್ತೆ?” ಎಂದದ್ದು ಕಿವಿಯ ಪಕ್ಕದಲ್ಲೇ ಹೇಳಿದಂತೆ ಕೇಳಿಸಿತು. ಒಂದು ಕಾಗದ ಹರಿದು ನೋಡಿ, ಒಂದೇ ಒಂದು ಚಪ್ಪಾಳೆ ತಟ್ಟಿ ನೋಡಿ. ಏಳು ಸಲ ಮರುದನಿ ಬರುತ್ತದೆ ಎನ್ನುವುದು ವಾಡಿಕೆ. ನಮ್ಮವರಲ್ಲಿ ಎಣಿಕೆ ಆರರಿಂದ ಒಂಬತ್ತರವರೆಗೆ ಹೋಯಿತು, ಒಂದು ಸಣ್ಣ ಜಗಳವೂ ಆಯಿತು. ಗುಮ್ಮಟದ ಹೊರಗಿನ ತಾರಸಿಯಿಂದ ಊರೆಲ್ಲ ಕಾಣುತ್ತದೆ. ಅಲ್ಲಿ ನಿಂತಾಗಲೇ ಮೊದಲ ಶಾಲಾ ಬಸ್ಸು ಬಂತು. ನಾವು ಇಳಿದೆವು.

ತಿಂಡಿ ಮುಗಿಸಿ ಎರಡು ಟಂಟಂ ಹಿಡಿದು ಊರಿನ ಇನ್ನೊಂದು ತುದಿಗೆ ಹೊರಟೆವು. ದಾರಿಯಲ್ಲಿ ಮಲಿಕ್-ಎ-ಮೈದಾನ್ ತೋಪು. ಸುಮಾರು 55 ಟನ್ ತೂಕ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಹತ್ತಿರ ಸಿಂಹದ ಮುಖ, ಅದರ ಹಲ್ಲಿನ ನಡುವೆ ಸಿಕ್ಕಿಬಿದ್ದ ಆನೆ. ಬ್ರಿಟಿಷರು 1854ರಲ್ಲಿ ಹರಾಜಿಗಿಟ್ಟಾಗ 150 ರೂಪಾಯಿಗೆ ಕೂಗು ನಿಂತಿತಂತೆ, ಆಮೇಲೆ ಮಾರಾಟವನ್ನೇ ಬಿಟ್ಟರಂತೆ. ಹದಿನೈದು ನಿಮಿಷ ಸಾಕು. ಹತ್ತಿರದ ಉಪ್ಪಲಿ ಬುರುಜನ್ನು ನಾವು ಕೆಳಗಿನಿಂದಲೇ ನೋಡಿದೆವು. ಮೇಷ್ಟ್ರ ಮಂಡಿ ನೆನಪಿದೆ ಅಲ್ವಾ?

ಇಬ್ರಾಹಿಂ ರೋಜಾಕ್ಕೆ ಮಾತ್ರ ಸಮಯ ಕೊಡಿ. ನನಗೆ ಗೋಳಗುಮ್ಮಟಕ್ಕಿಂತ ಇದೇ ಇಷ್ಟವಾಯಿತು. ಅಲ್ಲಿ ಗಾತ್ರ, ಇಲ್ಲಿ ಕೈಕೆಲಸ. ಒಂದೇ ಕಟ್ಟೆಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರಾಗಿವೆ. ಗೋರಿ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ್‌ನದು. 1627ರಲ್ಲಿ ತೀರಿಕೊಂಡವನು, ಸಂಗೀತದ ಹುಚ್ಚಿನವನು, ಜನ ಜಗದ್ಗುರು ಬಾದಶಾಹ ಎಂದು ಕರೆದವನು. ಕಿಟಕಿಯ ಕಲ್ಲನ್ನೇ ಅಕ್ಷರಗಳ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಆ ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಬಿಸಿಲು ಏರಿದ ಮೇಲೂ ವರಾಂಡದಲ್ಲಿ ತಂಪು. ಗುಂಪಿನಲ್ಲಿ ಸುಸ್ತಾದವರಿದ್ದರೆ ಇಲ್ಲೇ ಕೂರಿಸಿ.

ಕೂರಿಸಿದವರನ್ನು ಮರೆಯಬೇಡಿ ಎಂದೂ ಹೇಳಬೇಕು. ಖಾನಾವಳಿಗೆ ಬಂದು ಎಲೆ ಹಾಕಿಸಿಕೊಂಡ ಮೇಲೆ ನೋಡಿದರೆ ಹತ್ತೇ ಜನ! ಚಿಕ್ಕಮ್ಮ ಇಲ್ಲ. ಮೊದಲ ಟಂಟಂನವರು ಎರಡನೆಯದರಲ್ಲಿದ್ದಾರೆ ಎಂದುಕೊಂಡಿದ್ದರು, ನಾವು ಮೊದಲನೆಯದರಲ್ಲಿ ಎಂದುಕೊಂಡಿದ್ದೆವು. ಅವರ ಫೋನು ನನ್ನ ಚೀಲದಲ್ಲೇ ರಿಂಗಾಯಿತು. ವಾಪಸ್ ಓಡಿದರೆ ಅವರು ಅದೇ ವರಾಂಡದಲ್ಲಿ, ಇದೇ ಜಿಲ್ಲೆಯ ಇಂಡಿ ಊರಿನಿಂದ ಬಂದ ಹೆಂಗಸರ ಜೊತೆ ಕೂತು ಅವರು ಕೊಟ್ಟ ಶೇಂಗಾ ಹೋಳಿಗೆ ತಿನ್ನುತ್ತಿದ್ದರು. “ಬರ್ತೀರ ಅಂತ ಗೊತ್ತಿತ್ತು” ಎಂದರು. ಮುಕ್ಕಾಲು ಗಂಟೆ ಹೋಯಿತು. ಕಮಾನುಗಳಷ್ಟೇ ಎದ್ದು ಅರ್ಧಕ್ಕೆ ನಿಂತ ಗೋರಿ, ಬಾರಾ ಕಮಾನ್ ನೋಡುವುದು ತಪ್ಪಿತು. ಎರಡು ಗಾಡಿಯಲ್ಲಿ ಹೋಗುವವರು ಯಾವ ಗಾಡಿಗೆ ಯಾರು ಎಂದು ಬೆಳಿಗ್ಗೆಯೇ ಗೊತ್ತುಮಾಡಿ, ಮಧ್ಯೆ ಬದಲಾಯಿಸಬೇಡಿ. ಗಾಡಿಗೊಬ್ಬರು ಎಣಿಸುವವರು ಇರಲಿ.

ಊಟದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಖಾರ ಕಡಿಮೆ ಬೇಕಿದ್ದರೆ ಮೊದಲೇ ಹೇಳಿ. ಒಣದ್ರಾಕ್ಷಿ ಇಲ್ಲಿನ ಬೆಳೆ, ಬಾಯಿಗೆ ಹಾಕಿ ನೋಡಿ ಆಮೇಲೆ ತೂಗಿಸಿ. ದಿನಕ್ಕೆ ಮ್ಯೂಸಿಯಂ ಸೇರಿಸುವವರು ಶುಕ್ರವಾರ ಬಿಡಿ, ಅಂದು ರಜೆ. ಬೇಸಿಗೆಯಲ್ಲಿ ಈ ಓಡಾಟ ಬೇಡವೇ ಬೇಡ. ನಾವು ಹೋದದ್ದು ಡಿಸೆಂಬರಿನಲ್ಲಿ.

ಸಂಜೆ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ರಾತ್ರಿಯ ಊಟವನ್ನು ಮಧ್ಯಾಹ್ನದ ಖಾನಾವಳಿಯಲ್ಲೇ ಕಟ್ಟಿಸಿಕೊಳ್ಳಿ. ಆದರೆ ಲೆಕ್ಕ ಸ್ವಲ್ಪ ಧಾರಾಳವಾಗಿರಲಿ. ನಾವು ಕಟ್ಟಿಸಿದ ಮೂವತ್ತು ರೊಟ್ಟಿ ಬಾದಾಮಿ ಬರುವಷ್ಟರಲ್ಲೇ ಮುಗಿದಿದ್ದವು.